ಬಲಭುಜದ ಬಿಸಿಲು

"ಈ ಮೋಡ ಸುಳ್ಳು ಹೇಳ್ತಾ ಇದೆ" ಎಂದು ಸೂಪರ್‌ವೈಸರ್ ಕತ್ತಲಲ್ಲಿ ಹೇಳಿದಾಗ ಮೋಡಪ್ಪನಿಗೆ ಮೊದಲು ಬಂದದ್ದು ನಗು. ಮೋಡ ಯಾವಾಗ ಯಾರಿಗೆ ನಿಜ ಹೇಳಿತ್ತು? ಅಮ್ಮ ಬಟ್ಟೆ ಒಣಹಾಕುವ ಮೊದಲು ತಲೆಯೆತ್ತಿ, ಜಗಳಗಂಟಿ ನೆರೆಯವಳನ್ನು ನೋಡುವ ಹಾಗೆ ಆಕಾಶವನ್ನು ಓರೆಗಣ್ಣಲ್ಲಿ ನೋಡಿ, "ಇವತ್ತು ಬರಲ್ಲ ಬಿಡು" ಎಂದು ಹರವಿದ ಬಟ್ಟೆಯೆಲ್ಲ ಸ್ವಲ್ಪ ಹೊತ್ತಿಗೇ ತೊಯ್ದು ತೊಪ್ಪೆಯಾಗುತ್ತಿತ್ತು. ಆ ನೆನಪಾಗಿ ನಗು ತುಟಿಗೆ ಬರುವಷ್ಟರಲ್ಲಿ ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಅದು ತನ್ನನ್ನು ಕುರಿತ ನಗು ಎಂದು ಗೊತ್ತಾಗಿ ಅವನ ಬಾಯಿ ತಾನೇ ಮುಚ್ಚಿಕೊಂಡಿತು. ಗೋಡೆಯಗಲದ ಸ್ಕ್ರೀನಿನ ಮೇಲೆ ಅವನ ಮೋಡ, ಬೈಸಿಕೊಳ್ಳುತ್ತಿರುವುದು ತಾನಲ್ಲವೇ ಅಲ್ಲ ಎಂಬಂತೆ ನಿಂತಿತ್ತು. ಕೆಳಗೆ ಕಂಪ್ಯೂಟರಿನಲ್ಲೇ ಕಟ್ಟಿದ ಕಣಿವೆ, ಕಣಿವೆಯ ತುಂಬ ಕಂಪ್ಯೂಟರಿನಲ್ಲೇ ಬೆಳೆಸಿದ ಹುಲ್ಲು, ನಡುವೆ ಅಲ್ಲೇ ಹರಿಸಿದ ನದಿ. ಸಿನಿಮಾದ ಕೊನೆಯ ದೃಶ್ಯ ಅದು: ಒಬ್ಬ ಮನುಷ್ಯ ಬೆನ್ನು ತಿರುಗಿಸಿ ಈ ಕಣಿವೆಯೊಳಗೆ ನಡೆದು ಹೋಗುತ್ತಾನೆ, ಚುಕ್ಕಿಯಾಗುತ್ತಾನೆ, ಮೇಲೆ ಒಂದು ಮೋಡ ಉಳಿಯುತ್ತದೆ. ಹುಲ್ಲು ಮಾಡುವವಳನ್ನು ಎಲ್ಲರೂ ಹುಲ್ಲಿನವಳು ಎನ್ನುತ್ತಿದ್ದರು, ನದಿಯವನನ್ನು ನೀರಣ್ಣ. ಮೋಡ ಮಾಡುತ್ತ ಮಾಡುತ್ತ ತಲೆ ನರೆತ ಇವನು ಮೋಡಪ್ಪನಾಗಿದ್ದ. ಹುಲ್ಲು ಪಾಸಾಗಿತ್ತು, ನದಿ ಪಾಸಾಗಿತ್ತು. ಮೋಡ ಮಾತ್ರ ವಾರವಾರವೂ ರಿವ್ಯೂ ಎಂದು ಈ ಕತ್ತಲೆ ಕೋಣೆಗೆ ಬಂದು ಎಲ್ಲರೆದುರು ಬೈಸಿಕೊಂಡು ಹೋಗುತ್ತಿತ್ತು.

ಬೈಗುಳವಾದರೂ ಬೈಗುಳದ ಹಾಗಿದ್ದರೆ ಸಹಿಸಬಹುದಿತ್ತು. "ಸ್ವಲ್ಪ ಕಮ್ಮಿ ಮೋಡ ಮೋಡವಾಗಿರ್ಲಿ" ಎಂದಿದ್ದ ಸೂಪರ್‌ವೈಸರ್ ಒಂದು ಸಲ. ಇನ್ನೊಂದು ಸಲ "ಇದಕ್ಕೆ ಭಾರ ಇಲ್ಲ" ಎಂದ. ಭಾರ ತುಂಬಿಸಿ ತಂದರೆ "ತೇಲ್ತಾನೇ ಇಲ್ವಲ್ಲ" ಎಂದ. ಹೊಟ್ಟೆ ಕಪ್ಪಾಯಿತು ಎಂದ, ಬೆಳ್ಳಗೆ ಮಾಡಿದರೆ ದಿಂಬು ಹರಿದ ಹಾಗಿದೆ ಎಂದ. ವಯಸ್ಸಿನಲ್ಲಿ ಮೋಡಪ್ಪನಿಗಿಂತ ಬಹಳ ಚಿಕ್ಕವನು, ಒಂದು ಕಣ್ಣು ಮುಚ್ಚಿ ಬೆರಳುಗಳಲ್ಲೇ ಚೌಕಟ್ಟು ಮಾಡಿಕೊಂಡು ನೋಡುವ ಚಟದವನು, ಮಾತಿನಲ್ಲಿ ಮರ್ಯಾದೆಗೆ ಕಡಿಮೆಯಿಲ್ಲ. ಆ ಮರ್ಯಾದೆಯೇ ಮೋಡಪ್ಪನ ಮೈ ಉರಿಸುತ್ತಿತ್ತು. ಈ ಮೋಡಕ್ಕಾಗಿ ಅವನು ಮಧ್ಯಾಹ್ನದ ಊಟ ಬಿಟ್ಟು ಸ್ಟುಡಿಯೋದ ತಾರಸಿಯ ಮೇಲೆ ನೀರಿನ ಟ್ಯಾಂಕಿಗೆ ಒರಗಿ ಕೂತು, ಕತ್ತು ಹಿಡಿದುಕೊಳ್ಳುವವರೆಗೆ ಆಕಾಶ ನೋಡಿದ್ದ. ಬೆಳಕು ಮೋಡದ ಮೇಲೆ ಬಿದ್ದು ಸುಮ್ಮನೆ ಹಿಂದಿರುಗುವುದಿಲ್ಲ. ಒಳಗೆ ಹೊಕ್ಕು, ಹನಿಯಿಂದ ಹನಿಗೆ ಬಡಿದು, ದಾರಿ ತಪ್ಪಿ, ಎಲ್ಲಿಂದಲೋ ಹೊರಗೆ ಬರುತ್ತದೆ. ಅಂಚು ಬೆಳಗುವುದು, ಹೊಟ್ಟೆ ಕಪ್ಪಾಗುವುದು, ಮಡಿಕೆಗಳ ಸಂದಿಯಲ್ಲಿ ಒಂದು ಥರದ ನೀಲಿ ಕೂರುವುದು, ಎಲ್ಲ ಅದರಿಂದಲೇ. ಅದಷ್ಟನ್ನೂ ಅವನು ಲೆಕ್ಕಕ್ಕೆ ಕೂರಿಸಿದ್ದ. ಎಲ್ಲೂ ಕಳ್ಳದಾರಿ ಹಿಡಿದಿರಲಿಲ್ಲ. ಒಂದೇ ಸೂರ್ಯ, ಒಂದೇ ದಿಕ್ಕು, ಅದು ಮುಟ್ಟಿದ ಕಡೆ ಬಿಸಿಲು, ಮುಟ್ಟದ ಕಡೆ ನೆರಳು. ತಳವನ್ನು ಚಪ್ಪಟೆಯಾಗಿ ಬಿಟ್ಟಿದ್ದ, ಯಾಕೆಂದರೆ ಇಂಥ ಮೋಡದ ತಳ ಹಾಗೇ ಇರುತ್ತದೆ. "ತಳಕ್ಕೆ ಯಾಕೆ ಇಸ್ತ್ರಿ ಹೊಡೆದಿದೀರಿ?" ಎಂದು ಸೂಪರ್‌ವೈಸರ್ ಕೇಳಿದಾಗ ಕೋಣೆಗೆ ಕೋಣೆಯೇ ನಕ್ಕಿತ್ತು. ದಿನಾ ನೆತ್ತಿಯ ಮೇಲೇ ನಿಂತಿರುತ್ತದಲ್ಲ, ಒಂದು ಸಲ ಕತ್ತೆತ್ತಿ ನೋಡಲು ಏನು ದಾಡಿ ಇವರಿಗೆ, ಎಂದು ಅವತ್ತು ಮನೆಗೆ ಹೋಗುವ ಬಸ್ಸಿನಲ್ಲಿ ಅವನು ಬಾಯಿಬಿಟ್ಟೇ ಅಂದುಬಿಟ್ಟಿದ್ದ. ಪಕ್ಕದಲ್ಲಿ ಕೂತಿದ್ದವನು ಎದ್ದು ಬೇರೆ ಸೀಟಿಗೆ ಹೋಗಿದ್ದ.

"ಬೇಜಾರು ಮಾಡ್ಕೋಬೇಡಿ ಮೋಡಪ್ಪನವ್ರೇ" ಎಂದ ಸೂಪರ್‌ವೈಸರ್ ಈಗ. "ಎಲ್ಲಾ ಸರಿಯಾಗಿದೆ. ತುಂಬಾನೇ ಸರಿಯಾಗಿದೆ. ಅದಕ್ಕೇ ಸುಳ್ಳು ಅನ್ನಿಸ್ತಿದೆಯೇನೋ. ನಿಜವಾದ ಮೋಡ ಹೇಗಿರುತ್ತೆ ಅಂತ ನಿಮಗೊಂದು ತೋರಿಸ್ತೀನಿ." ಸ್ಕ್ರೀನು ಒಮ್ಮೆ ಕಪ್ಪಾಗಿ ಮತ್ತೆ ಬೆಳಗಿತು. "ಯಾರೋ ಪುಣ್ಯಾತ್ಮ ಬೆಟ್ಟ ಹತ್ತಿ, ಕಾದು ಕೂತು ತೆಗೆದಿರೋ ಫೋಟೋ. ತಾಳ್ಮೆ ಅಂದ್ರೆ ಇದು. ನೋಡಿ, ಹೇಗೆ ಉಸಿರಾಡ್ತಿದೆ."

ಮೋಡಪ್ಪ ನೋಡಿದ. ಆ ಮೋಡವನ್ನು ಅವನು ಬಲ್ಲ. ಅದರ ಎಡಭುಜದ ಉಬ್ಬಿನಲ್ಲಿ, ಯಾರೋ ಕಚ್ಚಿ ಬಿಟ್ಟ ಬ್ರೆಡ್ಡಿನ ಹಾಗೆ ಒಂದು ಕಚ್ಚು ಇದೆ. ಬಲಭುಜದಲ್ಲೂ ಅದೇ ಕಚ್ಚು, ಕನ್ನಡಿಯಲ್ಲಿ ಕಂಡ ಹಾಗೆ ತಿರುಗಿಕೊಂಡು. ಯಾವ ಬೆಟ್ಟವನ್ನೂ ಹತ್ತದೆ, ಈಗ ಮುಚ್ಚಿಹೋಗಿರುವ ಹಳೆಯ ಸ್ಟುಡಿಯೋದಲ್ಲಿ, ಮೆಟ್ಟಿಲ ಕೆಳಗಿನ ಕಿಟಕಿಯಿಲ್ಲದ ಮೂಲೆಯಲ್ಲಿ ಕೂತು, ಗೋಡೆಬಣ್ಣದ ಕಂಪನಿಯೊಂದರ ಜಾಹೀರಾತಿಗೆಂದು ಅದನ್ನು ಮಾಡಿದವನು ಅವನೇ. ಒಂಬತ್ತು ವರ್ಷವೋ ಹತ್ತೋ ಆಗಿರಬೇಕು. ಆಗಿನ ಯಂತ್ರಗಳು ಆಮೆಗಳು. ಎಡಗಡೆಗೆ ಬೆಳಕು ಲೆಕ್ಕ ಹಾಕಿ ಮುಗಿಸುವಷ್ಟರಲ್ಲೇ ಜಾಹೀರಾತಿನವರು ಬಂದು ಹೊರಗೆ ಬೆಂಚಿನ ಮೇಲೆ ಕೂತು ಕಾಲು ಕುಣಿಸುತ್ತಿದ್ದರು. ಬಲಗಡೆ ಬೋಳಾಗಿ ಉಳಿದಿತ್ತು. ಎಡಭುಜವನ್ನೇ ಎತ್ತಿ, ಮಗುಚಿ, ಬಲಕ್ಕೆ ಅಂಟಿಸಿ, ಹೊಲಿಗೆ ಕಾಣದಂತೆ ಮೇಲೊಂದು ತೆಳು ಮಂಜು ಎಳೆದು ಕೊಟ್ಟುಬಿಟ್ಟಿದ್ದ. ಮಗುಚಿದಾಗ ಬಿಸಿಲೂ ಮಗುಚಿತ್ತು. ಮೋಡವೆಲ್ಲ ಎಡಗಡೆಯ ಸೂರ್ಯನಿಗೆ ಮೈಯೊಡ್ಡಿದ್ದರೆ ಬಲಭುಜ ಒಂದು ಮಾತ್ರ ಬಲಗಡೆಯಿಂದ ಬೆಳಗುತ್ತಿತ್ತು. ಆ ಆಕಾಶದಲ್ಲಿ ಇಬ್ಬರು ಸೂರ್ಯರಿದ್ದರು. ಜಾಹೀರಾತಿನವರು ಗಮನಿಸಲಿಲ್ಲ, ಜಾಹೀರಾತು ನೋಡಿದವರು ಗಮನಿಸಲಿಲ್ಲ. ಆಮೇಲೆ ಯಾರೋ ಬಣ್ಣದ ಕಂಪನಿಯ ಹೆಸರು ಕತ್ತರಿಸಿ ತೆಗೆದಿರಬೇಕು, ಇನ್ಯಾರೋ ಕೈದಾಟಿಸಿರಬೇಕು, ಊರೂರು ಅಲೆದು ಹೇಳುವವರು ಕೇಳುವವರು ಇಲ್ಲದಂತಾಗಿ, ಈಗ ಇಲ್ಲಿಗೆ ಬಂದು ನಿಜವಾದ ಮೋಡ ಎಂದು ಕರೆಸಿಕೊಳ್ಳುತ್ತಿತ್ತು.

ಅದು ನನ್ನದು ಸರ್ ಎಂಬ ಮಾತು ಹಲ್ಲಿನವರೆಗೆ ಬಂತು. ಬಂದು ಅಲ್ಲೇ ನಿಂತಿತು. ಯಾರು ನಂಬುತ್ತಾರೆ? ಒಳ್ಳೆಯ ಮೋಡ ಕಂಡು ಹೊಟ್ಟೆಯುರಿ ತಡೆಯಲಾರದೆ ಅದೂ ನಂದೇ ಅಂದ ಎಂದು ಊಟದ ಟೇಬಲ್ಲಿನಲ್ಲಿ ಒಂದು ತಿಂಗಳಿಗಾಗುವಷ್ಟು ನಗುತ್ತಾರೆ. ಚಿಕ್ಕಂದಿನಲ್ಲಿ ಒಮ್ಮೆ ಶಾಲೆಯ ಚಿತ್ರಕಲೆಯ ಮೇಷ್ಟ್ರು ಅವನು ಬರೆದ ಬೆಕ್ಕನ್ನು ಎತ್ತಿ ಹಿಡಿದು, "ಇದನ್ನ ಮನೆಯಲ್ಲಿ ಯಾರು ಬರೆದುಕೊಟ್ರು?" ಎಂದು ಕೇಳಿದ್ದರು. ನಾನೇ ಎಂದರೆ ಎರಡೇಟು, ಅಕ್ಕ ಎಂದರೆ ಒಂದೇ ಏಟು. ಅವನು ಅಕ್ಕ ಎಂದಿದ್ದ. ಅವತ್ತಿನ ಉರಿ ಇಷ್ಟು ವರ್ಷ ಎಲ್ಲಿ ಅಡಗಿ ಕೂತಿತ್ತೋ, ಈಗ ಅಂಗೈಯಲ್ಲಿ ಚುರುಗುಟ್ಟಿತು. ಅಷ್ಟರಲ್ಲಿ ದೀಪ ಹತ್ತಿತು. "ನಾಳೆ ಬೆಳಿಗ್ಗೆ ಹೊತ್ತಿಗೆ ನಿಮ್ಮದು ಇದರ ಹತ್ತಿರಕ್ಕಾದ್ರೂ ಬರ್ಲಿ" ಎನ್ನುತ್ತಿದ್ದ ಸೂಪರ್‌ವೈಸರ್. "ಇಲ್ಲಾಂದ್ರೆ ನಿಮ್ಮದನ್ನ ತೆಗೆದು ಈ ಫೋಟೋನೇ ಹಿಂದಕ್ಕೆ ಅಂಟಿಸಿ ಮುಗಿಸಿಬಿಡೋಣ." ಮೋಡಪ್ಪ ತಲೆಯಾಡಿಸಿದ. ತಲೆಯಾಡಿಸಿದ ಮೇಲೆ ತಾನು ತಲೆಯಾಡಿಸಿದ್ದು ಅವನಿಗೆ ಗೊತ್ತಾಯಿತು.

ಮೆಟ್ಟಿಲ ಮೇಲೆ ಹುಲ್ಲಿನವಳು ಚಹಾದ ಲೋಟ ಹಿಡಿದು ಕೂತಿದ್ದಳು. "ಮುಖ ನಿಮ್ಮ ಮೋಡದ ಹೊಟ್ಟೆಗಿಂತ ಕಪ್ಪಾಗಿದೆಯಲ್ರೀ" ಎಂದಳು. ಅವನು ಹೇಳಿದ. ಹೇಳುತ್ತ ಹೇಳುತ್ತ ದನಿ ಏರಿತು. ಎರಡು ಕಚ್ಚು, ಇಬ್ಬರು ಸೂರ್ಯರು, ಕಾಲು ಕುಣಿಸುತ್ತಿದ್ದ ಜಾಹೀರಾತಿನವರು, ಎಲ್ಲವನ್ನೂ ಒಂದೇ ಉಸಿರಿಗೆ ಕಕ್ಕಿದ. ಅವಳು ಲೋಟ ಕೆಳಗಿಟ್ಟಳು.

"ಮತ್ತೆ ಒಳಗೆ ಬಾಯಿಗೆ ಬೀಗ ಜಡಿದಿತ್ತಾ? ಅಲ್ಲೇ ಹೇಳೋದಲ್ವಾ?"

"ಹೇಳಿದ್ರೆ ನಂಬ್ತಿದ್ರಾ? ನೀವು ನಂಬ್ತೀರಾ?"

ಅವಳು ಒಂದು ಕ್ಷಣ ತಡೆದಳು. ಆ ಒಂದು ಕ್ಷಣ ಸಾಕಾಯಿತು ಅವನಿಗೆ. "ನಂಬ್ತೀನಿ ಮಾರಾಯ್ರೇ, ಹಾಗೆ ನೋಡ್ಬೇಡಿ" ಎಂದಳು ಆಮೇಲೆ. "ಆದ್ರೆ ಏನಾದ್ರೂ ತೋರಿಸ್ಬೇಕು ಅಲ್ವಾ. ಹಳೇದು ಏನೂ ಉಳಿದಿಲ್ವಾ?" ಹಳೆಯ ಸ್ಟುಡಿಯೋ ಮುಚ್ಚಿದಾಗ ಯಂತ್ರಗಳನ್ನೆಲ್ಲ ಗುಜರಿಗೆ ಹಾಕಿದ್ದರು, ಒಳಗಿದ್ದ ಮೋಡ ಬೆಟ್ಟ ಸಮುದ್ರಗಳ ಸಮೇತ. ಉಳಿದದ್ದು ಒಂದೇ: ಅಕ್ಕ ಹೊಸ ಮನೆಗೆ ಬಂದಾಗ ಅವನು ದೊಡ್ಡದಾಗಿ ಅಚ್ಚು ಹಾಕಿಸಿ, ಗಾಜು ಕಟ್ಟಿಸಿ ಕೊಟ್ಟ ಚಿತ್ರ. ಈಗ ಕಂಡ ಫೋಟೋ ಅಂಚು ಕತ್ತರಿಸಿದ್ದು. ಅಕ್ಕನ ಮನೆಯದರಲ್ಲಿ ಮೋಡ ಇಡಿಯಾಗಿದೆ, ಕೆಳಗೆ ಬಣ್ಣದ ಡಬ್ಬಿಯೂ ಇದೆ. ಅವನು ಚಹಾ ಕುಡಿಯದೆ ಎದ್ದ.

ಅಕ್ಕನ ಮನೆ ಬಸ್ಸಿನಲ್ಲಿ ನಾಲ್ಕೈದು ನಿಲ್ದಾಣ. ಇಷ್ಟು ಹತ್ತಿರವಿದ್ದೂ ಅವನು ಹೋಗದೆ ಎಷ್ಟೋ ತಿಂಗಳಾಗಿತ್ತು. ಈ ಮೋಡ ಮುಗಿಯಲಿ ಎಂದು ಮುಂದೂಡುತ್ತ ಬಂದಿದ್ದ. ಬಸ್ಸಿನ ಕಿಟಕಿಯಲ್ಲಿ ನಿಜವಾದ ಆಕಾಶ ಹಿಂದಕ್ಕೆ ಸರಿಯುತ್ತಿತ್ತು. ಎರಡು ಕಟ್ಟಡಗಳ ಸಂದಿಯಲ್ಲಿ ಒಂದು ಮೋಡ ಬಂತು, ಅಂಚು ಮೊಂಡು, ಬಣ್ಣ ಮಾಸಲು, ಮಧ್ಯಾಹ್ನದ ಬಿಸಿಲಿಗೆ ನೆರಳು ಬೆಳಕೆಲ್ಲ ಕಲಸಿಹೋಗಿ ಏನೇನೂ ಉಬ್ಬುತಗ್ಗಿಲ್ಲ. ಇದನ್ನೇನಾದರೂ ರಿವ್ಯೂಗೆ ಒಯ್ದರೆ ಕಿವಿ ಹಿಡಿದು ಹೊರಗೆ ಕಳಿಸುತ್ತಾರೆ ಎಂದುಕೊಂಡ. ಮರುಕ್ಷಣ, ನಿಜದ ಮೋಡದ ತಪ್ಪು ಹುಡುಕುವಷ್ಟು ತನ್ನ ಕಣ್ಣು ಕೆಟ್ಟಿತೇ ಎನ್ನಿಸಿ, ಅದನ್ನು ಕೆಡಿಸಿದವನು ಅವನೇ, ಆ ಬೆರಳಿನ ಚೌಕಟ್ಟಿನವನೇ ಎಂದು ಸಿಟ್ಟು ಮತ್ತೆ ಅತ್ತಲೇ ಹರಿಯಿತು. ಬಾಗಿಲು ತೆರೆದ ಅಕ್ಕ "ಅರೆ, ದಾರಿ ತಪ್ಪಿ ಬಂದ್ಯಾ?" ಎಂದದ್ದು ಅವನ ಕಿವಿಗೆ ಬಿತ್ತೋ ಇಲ್ಲವೋ, ಚಪ್ಪಲಿ ಕಳಚಿದವನೇ ನೆಟ್ಟಗೆ ಗೋಡೆಯ ಮುಂದೆ ಹೋಗಿ ನಿಂತ. ಇತ್ತು. ಎಡಕ್ಕೊಂದು ಕಚ್ಚು, ಬಲಕ್ಕೊಂದು ಕಚ್ಚು.

"ನೋಡಕ್ಕಾ ಇಲ್ಲಿ. ಈ ಕಡೆ ಬಿಸಿಲು ಎಲ್ಲಿಂದ ಬಿದ್ದಿದೆ? ಎಡದಿಂದ. ಇಲ್ಲಿ? ಈ ಬಲಭುಜದಲ್ಲಿ?"

ಅಕ್ಕ ಕನ್ನಡಕದ ಅಂಗಡಿಯೊಂದರಲ್ಲಿ ಗಿರಾಕಿಗಳನ್ನು ಕುರ್ಚಿಯಲ್ಲಿ ಕೂರಿಸಿ ಅಕ್ಷರದ ಫಲಕ ಓದಿಸುವ ಕೆಲಸದವಳು. ಮೂಗಿನ ತುದಿಯವರೆಗೆ ಹತ್ತಿರ ಹೋಗಿ ನೋಡಿದಳು, ಹಿಂದೆ ಸರಿದು ನೋಡಿದಳು. "ಅಯ್ಯೋ ಹೌದಲ್ಲೋ!" ಎಂದಳು. "ಊರವರ ಕಣ್ಣೆಲ್ಲ ಪರೀಕ್ಷೆ ಮಾಡೋಳು ನಾನು, ಇಷ್ಟು ವರ್ಷ ಇಬ್ಬರು ಸೂರ್ಯರನ್ನ ಮನೇಲಿಟ್ಕೊಂಡು ಕೂತಿದ್ನಾ? ನೀನಾದ್ರೂ ಹೇಳ್ಬಾರ್ದಿತ್ತಾ? ಮನೆಗೆ ಬಂದೋರಿಗೆಲ್ಲ ನನ್ನ ತಮ್ಮ ತೆಗೆದ ಫೋಟೋ ಅಂತ ತೋರಿಸಿದೀನಿ."

"ಫೋಟೋ?" ಅವನ ದನಿ ಕೀಚಲಾಯಿತು. "ನೀನೂ ಫೋಟೋ ಅಂತೀಯಾ? ಮಾಡಿದ್ದು ಅಂತ ಸಾವಿರ ಸಲ ಹೇಳಿದೀನಲ್ಲೇ ನಿನಗೆ."

"ಹೇಳಿದೀಯ ಕಣೋ. ಆದ್ರೆ ಫೋಟೋ ಅಂದ್ರೆ ಜನ ಆಹಾ ಅಂತಾರೆ. ಕಂಪ್ಯೂಟರಲ್ಲಿ ಮಾಡಿದ್ದು ಅಂದ್ರೆ, ಓ ಹಾಗಾ ಅಂತಾರೆ. ನಿನಗೆ ಆಹಾ ಸಿಗ್ಲಿ ಅಂತ ತಾನೇ ಹೇಳಿದ್ದು ನಾನು?"

ಒಡಹುಟ್ಟಿದವಳೇ ತನ್ನನ್ನು ಕ್ಯಾಮೆರಾದ ಗುಂಡಿ ಒತ್ತಿದವನ ಮಟ್ಟಕ್ಕೆ ತಂದಿಟ್ಟು, ಅದನ್ನು ಉಪಕಾರವೆಂದು ತಿಳಿದಿದ್ದಾಳೆ! ಮೂಲೆಯಲ್ಲಿದ್ದ ಸ್ಟೂಲನ್ನು ಸದ್ದು ಮಾಡುತ್ತ ಎಳೆದು ಹತ್ತಿದ. ರಿವ್ಯೂ ಕೋಣೆಯ ಕಥೆಯನ್ನೆಲ್ಲ, ಸೂಪರ್‌ವೈಸರ್ ಅಂದದ್ದು, ಹಿಂದಿನ ಸಾಲಿನವರು ನಕ್ಕದ್ದು, ಇಸ್ತ್ರಿಯ ಮಾತು, ಗೋಡೆಯ ಕಡೆ ಮುಖ ಮಾಡಿಯೇ ಹೇಳಿದ. ಅವಳು ಹೂಂ ಹೂಂ ಎನ್ನುತ್ತಿದ್ದಳು. ಚಿತ್ರವನ್ನು ಮೊಳೆಯಿಂದ ಬಿಡಿಸಿ, "ಆ ತುದಿ ಹಿಡ್ಕೋ" ಎಂದ. ಅವಳು ಹಿಡಿದ ಕಡೆ ಚೌಕಟ್ಟು ವಾಲಿತು. "ಸರಿಯಾಗಿ ಹಿಡಿಯೇ, ಗಾಜು! ಎರಡೂ ಕೈಯಲ್ಲಿ ಹಿಡಿ!"

"ಎರಡನೇದನ್ನ ಎಲ್ಲಿಂದ ತರ್ಲಿ?" ಎಂದಳು ಅಕ್ಕ.

ಆಗ ಅವನು ನೋಡಿದ. ಅವಳ ಬಲಗೈ ಮೊಣಕೈಯಿಂದ ಬೆರಳಿನ ಬುಡದವರೆಗೆ ಬಿಳಿ ಪ್ಲಾಸ್ಟರಿನೊಳಗಿತ್ತು, ಕತ್ತಿಗೆ ಕಟ್ಟಿದ ಪಟ್ಟಿಯಲ್ಲಿ ತೂಗುತ್ತಿತ್ತು. ಬಾಗಿಲು ತೆರೆದದ್ದೂ ಎಡಗೈಯಲ್ಲಿ, ಚಿತ್ರ ನೋಡುವಾಗ ಕನ್ನಡಕ ಏರಿಸಿಕೊಂಡದ್ದೂ ಎಡಗೈಯಲ್ಲಿ. ಇಷ್ಟು ಹೊತ್ತು ಅವಳು ಅವನ ಕಣ್ಣೆದುರಿಗೇ ಇದ್ದಳು. ಅವನು ಸ್ಟೂಲಿನಿಂದ ಇಳಿದ. ಚಿತ್ರವನ್ನು ಗೋಡೆಗೆ ಒರಗಿಸಿಟ್ಟ. "ಯಾವಾಗ?" ಎಂದ.

"ಆಯ್ತು ಕೆಲವು ದಿನ. ಮಣಿಕಟ್ಟು ಮುರಿದಿದೆ. ಆಸ್ಪತ್ರೆಯಿಂದಲೇ ಫೋನ್ ಮಾಡಿದ್ನಲ್ಲ ನಿನಗೆ. ರಿವ್ಯೂನಲ್ಲಿದೀನಿ, ಆಮೇಲೆ ಮಾಡ್ತೀನಿ ಅಂದೆ. ಆ ಆಮೇಲೆ ಇನ್ನೂ ಬಂದಿಲ್ಲ, ಕಾಯ್ತಾ ಇದೀನಿ." ಅವಳು ನಗುತ್ತಲೇ ಹೇಳಿದಳು. ಹೇಗಾಯಿತು ಎಂದು ಅವನು ಕೇಳಬಾರದಿತ್ತು, ಕೇಳಿದ. "ನಿನ್ನ ಮೋಡದ ಧೂಳು ಒರೆಸೋಕೆ ಇದೇ ಸ್ಟೂಲ್ ಹತ್ತಿದ್ದೆ" ಎಂದಳು ಅಕ್ಕ. ಎದುರು ಮನೆಯಾಕೆಯೇ ಆಟೋ ತಂದು ಆಸ್ಪತ್ರೆಗೆ ಕರೆದುಕೊಂಡು ಹೋದದ್ದು, ಈಗಲೂ ಬೆಳಿಗ್ಗೆ ಸಂಜೆ ಬಂದು ತಲೆ ಬಾಚಿ, ಪಾತ್ರೆ ತೊಳೆದು ಹೋಗುವುದು, ಎಲ್ಲ ಹೇಳಿದಳು. ಅವನು ತಲೆತಗ್ಗಿಸಿ ಕೇಳಿದ. ನಾಚಿಕೆ ಆಯಿತು, ಆದರೆ ನಾಚಿಕೆಯ ಅಡಿಯಲ್ಲೂ ಚಿತ್ರವನ್ನು ನಾಳೆ ಒಯ್ಯಲೇಬೇಕು ಎಂಬುದು ಮುಳ್ಳಿನ ಹಾಗೆ ಹಾಗೇ ಇತ್ತು, ಅದಕ್ಕಾಗಿ ಇನ್ನಷ್ಟು ನಾಚಿಕೆ ಆಯಿತು. ಅಕ್ಕನಿಗೆ ಗೊತ್ತಾಗಿರಬೇಕು. "ತಗೊಂಡು ಹೋಗು" ಎಂದಳು. "ಹೋಗಿ ಆ ಹುಡುಗನ ಮುಖಕ್ಕೆ ಹಿಡಿ. ಆಮೇಲೆ ತಂದು ಇಲ್ಲೇ ಹಾಕ್ಬೇಕು, ಗೋಡೆ ಬಿಕೋ ಅನ್ನುತ್ತೆ."

ಮರುದಿನ ರಿವ್ಯೂ ಕೋಣೆಯಲ್ಲಿ ಅವನು ಮೊದಲು ದೀಪ ಹಾಕಿಸಿದ. ಚಿತ್ರವನ್ನು ಮೇಜಿನ ಮೇಲಿಟ್ಟು, ಸುತ್ತಿದ್ದ ಅಕ್ಕನ ಹಳೆಯ ಹೊದಿಕೆ ಬಿಚ್ಚಿ, ರಾತ್ರಿಯೆಲ್ಲ ಹಾಸಿಗೆಯಲ್ಲಿ ಹೊರಳುತ್ತ ಜೋಡಿಸಿಕೊಂಡಿದ್ದ ಮಾತನ್ನು ಒಂದೊಂದಾಗಿ ಹೇಳಿದ. ಎರಡು ಕಚ್ಚು ತೋರಿಸಿದ. ಬಣ್ಣದ ಡಬ್ಬಿ ತೋರಿಸಿದ. ಬೆರಳನ್ನು ಎಡಭುಜದಿಂದ ಬಲಭುಜಕ್ಕೆ ಒಯ್ದು, ಬಿಸಿಲು ಎಲ್ಲಿ ದಿಕ್ಕು ಬದಲಿಸುತ್ತದೆ ಎಂದು ತೋರಿಸಿದ. ಹುಲ್ಲಿನವಳು ಎದ್ದು ಬಂದು ಬಗ್ಗಿ ನೋಡಿದಳು, ನೀರಣ್ಣ ಬಂದು ನೋಡಿದ. "ಹೌದಲ್ರೀ" ಎಂದ ನೀರಣ್ಣ. ಸೂಪರ್‌ವೈಸರ್ ಒಂದು ಕಣ್ಣು ಮುಚ್ಚಲಿಲ್ಲ, ಚೌಕಟ್ಟು ಮಾಡಲಿಲ್ಲ, ಎರಡು ಕಚ್ಚನ್ನೂ ಬೆರಳಲ್ಲಿ ಮುಟ್ಟಿ ನೋಡಿದ. ಈಗ, ಈಗ ಒಂದು ಮಾತು ಬರುತ್ತದೆ ಎಂದು ಮೋಡಪ್ಪ ಕಾದ. ಕ್ಷಮೆ ಎಂದೇನೂ ಅಲ್ಲ. ಓಹೋ ಎಂದರೂ ಸಾಕಿತ್ತು.

"ಅಂದ್ರೆ ಇದು ನಿಮ್ಮದೇ" ಎಂದ ಸೂಪರ್‌ವೈಸರ್.

"ನನ್ನದೇ."

"ಹಾಗಿದ್ರೆ ಒಳ್ಳೇದೇ ಆಯ್ತಲ್ಲ!" ಅವನ ಮುಖ ನಿಜಕ್ಕೂ ಅರಳಿತು. "ಅಷ್ಟು ವರ್ಷದ ಹಿಂದೆ, ಆ ಹಾಳು ಯಂತ್ರದಲ್ಲಿ ಇಂಥದ್ದು ಮಾಡಿದೋರಿಗೆ ಈಗ ಯಾಕೆ ಆಗ್ತಿಲ್ಲ ಮೋಡಪ್ಪನವ್ರೇ?"

ಹಿಂದಿನ ಸಾಲಿನಲ್ಲಿ ಅದೇ ಕಿಸಕ್ ನಗು. ಅದು ಆತುರದಲ್ಲಿ ಮಾಡಿದ ತಪ್ಪು ಸರ್, ಎಂದ ಮೋಡಪ್ಪ. ಮೋಸ ಮಾಡಿದ್ದು, ಅಂಟಿಸಿದ್ದು. ಆಕಾಶದಲ್ಲಿ ಎಲ್ಲಾದರೂ ಎರಡು ಸೂರ್ಯ ಇರ್ತಾವಾ? ಇರಲಿ ಬಿಡಿ, ಎಂದ ಸೂಪರ್‌ವೈಸರ್, ನೋಡೋರಿಗೆ ಲೆಕ್ಕ ಬೇಡ. ಆ ಎರಡನೇ ಸೂರ್ಯನನ್ನ ನಮ್ಮ ಮೋಡಕ್ಕೂ ಹಾಕಿ, ಇಲ್ಲೇ, ಈಗಲೇ, ನೋಡೋಣ. ಯಾರೋ ಕುರ್ಚಿ ಎಳೆದುಕೊಟ್ಟರು. ಅವನು ಕೂತ. ಯಾಕೆ ಕೂತ ಎಂದು ಆಮೇಲೆ ಎಷ್ಟು ಯೋಚಿಸಿದರೂ ಅವನಿಗೆ ಹೊಳೆಯಲಿಲ್ಲ. ಬಹುಶಃ ತಪ್ಪು ಎಷ್ಟು ಅಸಹ್ಯವಾಗಿ ಕಾಣುತ್ತದೆ ಎಂದು ಎಲ್ಲರಿಗೂ ತೋರಿಸಿಬಿಡೋಣ ಎಂದಿರಬೇಕು. ತಿಂಗಳುಗಟ್ಟಲೆ ನೋಡಿ ನೋಡಿ ಕಟ್ಟಿದ ಮೋಡದ ಎಡಭುಜವನ್ನು ಎತ್ತಿ, ಮಗುಚಿ, ಬಲಕ್ಕೆ ಅಂಟಿಸಿದ. ಮೇಲೊಂದು ತೆಳು ಮಂಜು ಎಳೆದ. ಕೈಗೆ ಮರೆತೇ ಇರಲಿಲ್ಲ. ದೀಪ ಆರಿಸಿದರು, ಸ್ಕ್ರೀನು ಬೆಳಗಿತು, ಮತ್ತು ಕೋಣೆಯಲ್ಲಿದ್ದವರೆಲ್ಲ ಒಟ್ಟಿಗೆ ಆಹಾ ಎಂದರು.

ಅದಕ್ಕಿಂತ ಘೋರವಾದದ್ದು ಇನ್ನೊಂದು. ಅವನ ಕಣ್ಣಿಗೂ ಅದು ಚೆನ್ನಾಗಿ ಕಂಡಿತು. ಮೋಡಕ್ಕೆ ಒಳಗಿನಿಂದಲೇ ಜೀವ ಬಂದ ಹಾಗೆ, ಆ ಕಣಿವೆಯಲ್ಲಿ ನಡೆದು ಹೋಗುವವನನ್ನು ತಿರುಗಿ ನೋಡುತ್ತಿರುವ ಹಾಗೆ ಕಂಡಿತು. ತಾರಸಿಯ ಮೇಲೆ ಕತ್ತು ನೋಯಿಸಿಕೊಂಡ ಮಧ್ಯಾಹ್ನಗಳು, ಹನಿಯಿಂದ ಹನಿಗೆ ಬಡಿದ ಬೆಳಕು, ಫೋನಿನಲ್ಲಿ ಅಕ್ಕನಿಗೆ ಹೇಳಿದ 'ಆಮೇಲೆ', ಎಲ್ಲವನ್ನೂ ಈ ಒಂದು ಅಂಟಿಸಿದ ತುಂಡು ನುಂಗಿ ನೀರು ಕುಡಿದಿತ್ತು. ತನ್ನ ಕಣ್ಣೂ ಅವರ ಕಡೆ ಸೇರಿಕೊಂಡಿತೇ? ಅವನಿಗೆ ತನ್ನ ಕಣ್ಣಿನ ಮೇಲೇ ಕೋಪ ಬಂತು. ಒಂದು ಗುಂಡಿ ಒತ್ತಿದ. ಬಲಭುಜದ ಬಿಸಿಲು ಆರಿತು. ಹಳೆಯ ನೆರಳು ತನ್ನ ಜಾಗಕ್ಕೆ ಬಂದು ಕೂತಿತು.

"ಅಯ್ಯೋ, ಯಾಕ್ರೀ ತೆಗೆದ್ರಿ?"

"ಒಂದೇ ಸೂರ್ಯ ಸಾಕು" ಎಂದ ಮೋಡಪ್ಪ.

"ಹಾಗಾದ್ರೆ ಆ ಫೋಟೋನೇ ಅಂಟಿಸ್ಬೇಕಾಗುತ್ತೆ."

"ಅದು ಫೋಟೋ ಅಲ್ಲ" ಎಂದು ಅವನು ಕೂಗಿದ. ಈ ಕೋಣೆಯಲ್ಲಿ ಅವನ ದನಿ ಅಷ್ಟು ದೊಡ್ಡದಾಗಿ ಯಾರೂ ಕೇಳಿರಲಿಲ್ಲ. "ಫೋಟೋ ಅಲ್ಲ ಅಂತ ಈಗ ತಾನೇ ಹೇಳಿದೆ. ತೋರಿಸಿದೆ. ನಿಮ್ಮ ಬೆರಳಿಂದಲೇ ಮುಟ್ಟಿ ನೋಡಿದ್ರಿ. ಇನ್ನೂ ಫೋಟೋ ಅಂತೀರಲ್ಲ!" ಹೊದಿಕೆ ಸುತ್ತಿ ಚಿತ್ರವನ್ನು ಕಂಕುಳಲ್ಲಿ ಇಟ್ಟುಕೊಂಡ. ಅದು ಇಲ್ಲೇ ಇರಲಿ, ನೋಡಿ ಹೋಲಿಸೋಕೆ ಬೇಕು, ಎಂದು ಯಾರೋ ಅಂದರು. "ಇದು ನನ್ನ ಅಕ್ಕನ ಗೋಡೆಯದು" ಎಂದು ಹೇಳಿ ಹೊರಗೆ ಬಂದ. ಮೆಟ್ಟಿಲಿಳಿಯುವಾಗ ಅವನಿಗೆ ಗೊತ್ತಿತ್ತು: ಗಾಜಿನೊಳಗಿನದನ್ನು ಅವನು ಎತ್ತಿಕೊಂಡು ಬಂದರೂ ಯಂತ್ರದಲ್ಲಿರುವುದು ಅಲ್ಲೇ ಇರುತ್ತದೆ, ಸಂಜೆಯೊಳಗೆ ಅವನ ಮೋಡವನ್ನು ತೆಗೆದು ಅದನ್ನೇ ಅಂಟಿಸುತ್ತಾರೆ. ಸಿನಿಮಾ ಮಂದಿರದಲ್ಲಿ ಜನ ಅದನ್ನು ನೋಡಿ ಕಣ್ಣೊರೆಸಿಕೊಳ್ಳುತ್ತಾರೆ. ಹುಲ್ಲಿನವಳು ಮೇಲಿನಿಂದ ಏನೋ ಕೂಗಿದಳು, ಅವನು ನಿಲ್ಲಲಿಲ್ಲ.

ಅಕ್ಕನ ಮನೆಯ ಬಾಗಿಲು ತೆರೆದೇ ಇತ್ತು. ಅಕ್ಕ ಕುರ್ಚಿಯಲ್ಲಿ ಕೂತಿದ್ದಳು, ಎದುರು ಮನೆಯಾಕೆ ಹಿಂದೆ ನಿಂತು ಅವಳ ತಲೆ ಬಾಚುತ್ತಿದ್ದಳು. ಅವನು ಸ್ಟೂಲು ಹತ್ತಿ ಚಿತ್ರವನ್ನು ಮೊಳೆಗೆ ಸಿಕ್ಕಿಸಿ, ಸೊಟ್ಟಗಿದ್ದದ್ದನ್ನು ನೇರ ಮಾಡಿದ.

"ಬಂತಾ ವಾಪಸ್ಸು?" ಎಂದಳು ಎದುರು ಮನೆಯಾಕೆ. "ನಿಮ್ಮ ತಮ್ಮ ತೆಗೆದ ಫೋಟೋ ಅಲ್ವಾ ಅದು? ಎಷ್ಟು ಚೆನ್ನಾಗಿದೆ ಅಂತ ನಮ್ಮನೆಯೋರೂ ಹೇಳ್ತಿರ್ತಾರೆ."

"ತೆಗೆದದ್ದಲ್ಲ" ಎಂದಳು ಅಕ್ಕ. ಸ್ಟೂಲಿನ ಮೇಲಿದ್ದವನು ತಿರುಗಲಿಲ್ಲ. "ಮಾಡಿದ್ದು. ಕಂಪ್ಯೂಟರಲ್ಲಿ ಕೂತು, ಇವನೇ, ಮೊದಲಿಂದ ಕೊನೆವರೆಗೆ ಮಾಡಿದ್ದು."

"ಓ, ಹಾಗಾ" ಎಂದಳು ಎದುರು ಮನೆಯಾಕೆ. ಬಾಚಣಿಗೆ ಮತ್ತೆ ಕೂದಲಿಗಿಳಿಯಿತು.

ಅಕ್ಕ ಅರ್ಧ ಬಾಚಿದ ಕೂದಲನ್ನು ಆಕೆಯ ಕೈಯಿಂದ ಕಿತ್ತುಕೊಂಡು ಎದ್ದಳು. "ಏನ್ರೀ ಹಾಗಾ ಅಂದ್ರೆ? ಎಷ್ಟು ಸುಲಭವಾಗಿ ಹಾಗಾ ಅಂದ್ಬಿಟ್ರಿ! ಮೇಲಿರೋದನ್ನ ಗುಂಡಿ ಒತ್ತಿ ಹಿಡಿಯೋಕೆ ಯಾರಿಗೆ ಬರಲ್ಲ? ಇಲ್ಲದೇ ಇರೋದನ್ನ ಒಂದೊಂದು ಹನಿಯಾಗಿ ಕೂರಿಸಿ ಮಾಡಿದಾನೆ ಕಣ್ರೀ ಇವನು. ತಪ್ಪೂ ಮಾಡಿದಾನೆ. ನೋಡಿ, ಬನ್ನಿ ಇಲ್ಲಿ, ಬನ್ನಿ ಅಂದ್ರೆ! ಇಬ್ಬರು ಸೂರ್ಯರು ಇದಾರೆ ಇದರಲ್ಲಿ. ಯಾವ ಕ್ಯಾಮೆರಾಕ್ಕೆ ಸಿಗ್ತಾರೆ ಹೇಳಿ ಇಬ್ಬರು ಸೂರ್ಯರು?" ಎಡಗೈಯಲ್ಲಿ ಎದುರು ಮನೆಯಾಕೆಯ ಮಣಿಕಟ್ಟು ಹಿಡಿದು ಎಳೆತಂದು ಗೋಡೆಯ ಮುಂದೆ ನಿಲ್ಲಿಸಿದ್ದಳು. ತೋರಿಸಲು ಇನ್ನೊಂದು ಕೈ ಬೇಕಿತ್ತು. ಪ್ಲಾಸ್ಟರಿನ ಕೈಯನ್ನು ಪಟ್ಟಿಯಿಂದ ಹೊರಗೆ ತೆಗೆದು ಚಿತ್ರದತ್ತ ಚಾಚಿದಳು. "ಇಲ್ಲಿ. ಕಾಣಿಸ್ತಾ? ಇಲ್ಲಿ."

ಅವಳು ತೋರಿಸಿದ್ದು ಎಡಭುಜವನ್ನು. "ಅರೆ, ಹೌದಲ್ರೀ!" ಎಂದಳು ಎದುರು ಮನೆಯಾಕೆ, ಬಾಯಿ ಬಿಟ್ಟುಕೊಂಡು.

ಮೋಡಪ್ಪ ಸ್ಟೂಲಿನಿಂದ ಇಳಿದ. ಆ ಕಡೆಯಲ್ಲ, ಈ ಕಡೆ, ಎನ್ನಲು ಬಾಯಿ ತೆರೆದ. ಪ್ಲಾಸ್ಟರಿನ ಅಂಚಿನಲ್ಲಿ ಅಕ್ಕನ ಬೆರಳುಗಳು ಬಾತುಕೊಂಡು ಮಿಣಮಿಣ ಹೊಳೆಯುತ್ತಿದ್ದವು, ಉಗುರುಗಳ ಬುಡ ನೀಲಿಗಟ್ಟಿತ್ತು, ಚಾಚಿದ ಕೈ ಆ ಭಾರಕ್ಕೆ ಸಣ್ಣಗೆ ನಡುಗುತ್ತಿತ್ತು. ಅವಳು ಇನ್ನೂ ಇಳಿಸಿರಲಿಲ್ಲ.

"ಕೈ ಇಳಿಸಕ್ಕಾ" ಎಂದ. "ನೋಯುತ್ತೆ." ಮೊಣಕೈಯ ಕೆಳಗೆ ತನ್ನ ಅಂಗೈ ಕೊಟ್ಟು, ಮೆಲ್ಲಗೆ, ಅದನ್ನು ಮತ್ತೆ ಪಟ್ಟಿಯೊಳಗೆ ಕೂರಿಸಿದ.